ಯುರೋಸ್ಟೈಲ್ ಪಕ್ಕ ನಿಲ್ಲುವಂಥ ಅಗಲವಾದ ಕನ್ನಡ ಫಾಂಟ್ ಯಾವುದಾದರೂ ಇದೆಯಾ?

ಬೋರ್ಡ್‌ಮನೆ_ತುಮಕೂರು:

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರಿನಲ್ಲಿ ಬೋರ್ಡ್ ಮಾಡುವ ಕೆಲಸ. ಫ್ಲೆಕ್ಸ್, ಎಸಿಪಿ ಶೀಟು, ಅಕ್ರಿಲಿಕ್ ಅಕ್ಷರ, ರೇಡಿಯಂ ಕಟಿಂಗ್ ಎಲ್ಲಾ ಇದೆ. ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಕಾರ್ಖಾನೆಯವರು ಹೊಸ ಬೋರ್ಡ್ ಬೇಕು ಅಂದಿದ್ದಾರೆ. ಅವರ ಇಂಗ್ಲಿಷ್ ಹೆಸರು ಯುರೋಸ್ಟೈಲ್ ಬೋಲ್ಡ್ ಎಕ್ಸ್‌ಟೆಂಡೆಡ್ ಅನ್ನುವ ಇಂಗ್ಲಿಷ್ ಫಾಂಟ್‌ನಲ್ಲಿದೆ. ನೀವೆಲ್ಲ ನೋಡಿರುತ್ತೀರಿ. ಅಕ್ಷರದ ಅಗಲ ಜಾಸ್ತಿ. ಇಂಗ್ಲಿಷ್‌ನ ಓ ಕೂಡ ಗುಂಡಗಿರುವುದಿಲ್ಲ, ಚೌಕಕ್ಕೆ ಮೂಲೆ ಉಜ್ಜಿದ ಹಾಗೆ ಇರುತ್ತದೆ. ಮಷಿನ್ ಮಾಡುವವರು, ಎಲೆಕ್ಟ್ರಾನಿಕ್ಸ್‌ನವರು ಬಹಳ ಇಷ್ಟಪಡುವ ಅಕ್ಷರ.

ಕಷ್ಟ ಇರುವುದು ಕನ್ನಡದಲ್ಲಿ. ಈಗಿನ ಕಾನೂನಿನಂತೆ ಬೋರ್ಡ್‌ನಲ್ಲಿ ಶೇ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ನನಗಂತೂ ಇದರಿಂದ ಖುಷಿ. ಆದರೆ ಮೇಲೆ ದೊಡ್ಡದಾಗಿ ಬರುವ ಕನ್ನಡಕ್ಕೆ ಕೆಳಗಿರುವ ಇಂಗ್ಲಿಷ್‌ನ ಗತ್ತು ಇಲ್ಲದಿದ್ದರೆ ಹೇಗೆ? ಸುಮಾರು ಅಂಗಡಿಗಳಲ್ಲಿ ಏನು ಮಾಡುತ್ತಾರೆ ಅಂದರೆ, ನುಡಿಯದೋ ಶ್ರೀಲಿಪಿಯದೋ ಒಂದು ದಪ್ಪ ಫಾಂಟ್ ಹಾಕಿ, ಕೋರಲ್ ಡ್ರಾ ಸಾಫ್ಟ್‌ವೇರ್‌ನಲ್ಲಿ ಪಕ್ಕದ ಚುಕ್ಕೆ ಹಿಡಿದು ಅಡ್ಡಕ್ಕೆ ಎಳೆದುಬಿಡುತ್ತಾರೆ. ಬಿ.ಎಚ್. ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದರೆ ಬೇಕಾದಷ್ಟು ಕಾಣುತ್ತವೆ. ನನಗೆ ಅದು ಬೇಡ. ಗಿರಾಕಿಗೂ ಬೇಡ.

ಬೋರ್ಡ್ 20 ಅಡಿ ಉದ್ದ, 4 ಅಡಿ ಎತ್ತರ. ಹೆಸರಿನ ಕೊನೆಗೆ ‘ಪ್ರಿಸಿಷನ್ ಟೂಲ್ಸ್’ ಅಂತ ಇದೆ. ಒಳಗೆ ಎಲ್‌ಇಡಿ ಇರುವ ಅಕ್ರಿಲಿಕ್ ಅಕ್ಷರ. ಇಂಥದ್ದಕ್ಕೆ ಹೊಂದುವ ಕನ್ನಡ ಫಾಂಟ್ ಗೊತ್ತಿದ್ದರೆ ಹೇಳಿ. ದುಡ್ಡು ಕೊಟ್ಟು ಕೊಳ್ಳಲೂ ತಯಾರು.

ಕೊಬ್ಬರಿ_ತಿಪಟೂರು:

ಇಲ್ಲ ಗುರು. ನಾನೂ ಹುಡುಕಿದೀನಿ.

ಚಿಂತಾಮಣಿ_ಡಿಟಿಪಿ:

ಎಳೆಯುವುದರಲ್ಲಿ ತಪ್ಪೇನಿದೆ? ಜನ ಹೆಸರು ಓದುತ್ತಾರೆ, ಅಂಗಡಿಗೆ ಹೋಗುತ್ತಾರೆ. ನಮ್ಮ ಊರಲ್ಲಿ ಎಲ್ಲಾ ಬೋರ್ಡ್ ಹೀಗೇ. ಯಾರೂ ದೂರು ಹೇಳಿಲ್ಲ. ಅಡ್ಡಕ್ಕೆ ಶೇ 150 ಕೊಡಿ, ಸುತ್ತ ಒಂದು ಔಟ್‌ಲೈನ್ ಹಾಕಿ, ಮುಗೀತು. ಗಿರಾಕಿಗೆ ಬೇಗ ಕೆಲಸ ಬೇಕು ಅಷ್ಟೇ.

ಏಕಶಿಲೆ_ಮಧುಗಿರಿ:

ಚಿಂತಾಮಣಿಯವರೇ, ತಪ್ಪು ಏನು ಅಂತ ಹೇಳುತ್ತೇನೆ. ಒಂದು ಅಕ್ಷರವನ್ನು ಅಡ್ಡಕ್ಕೆ ಒಂದೂವರೆ ಪಟ್ಟು ಎಳೆದರೆ ನಿಂತ ಗೆರೆಗಳು ಒಂದೂವರೆ ಪಟ್ಟು ದಪ್ಪವಾಗುತ್ತವೆ. ಮಲಗಿದ ಗೆರೆಗಳು ಇದ್ದಷ್ಟೇ ಇರುತ್ತವೆ. ಪಕ್ಕಗಳು ಊದಿಕೊಂಡು ತಲಕಟ್ಟು ಸೊರಗಿದ ಹಾಗೆ ಕಾಣುತ್ತದೆ. ಗುಂಡಗಿದ್ದ ರ ಮೊಟ್ಟೆಯಾಗುತ್ತದೆ. ಒತ್ತಕ್ಷರ ಇನ್ನೂ ಚಪ್ಪಟೆ. ಯುರೋಸ್ಟೈಲ್ ಎಕ್ಸ್‌ಟೆಂಡೆಡ್ ಹಾಗೆ ಎಳೆದಿದ್ದಲ್ಲ. ಅಗಲದ ರೂಪವನ್ನು ಬೇರೆಯಾಗಿಯೇ ಕೂತು ಬರೆದಿದ್ದಾರೆ. ಅದಕ್ಕೇ ಅದರ ಗೆರೆಗಳು ಎಲ್ಲಾ ಕಡೆ ಒಂದೇ ದಪ್ಪ ಕಾಣುತ್ತವೆ. ನಿಜ ಹೇಳಬೇಕಂದರೆ ಅಲ್ಲೂ ಮಲಗಿದ ಗೆರೆ ಒಂದು ಚೂರು ತೆಳು. ಅಳತೆಯಲ್ಲಿ ಸಮ ಇಟ್ಟರೆ ನಮ್ಮ ಕಣ್ಣಿಗೆ ಮಲಗಿದ್ದು ದಪ್ಪ ಅನಿಸುತ್ತದೆ.

ಇಂಗ್ಲಿಷ್‌ಗೆ ಅಷ್ಟು ಕಾಳಜಿಯಿಂದ ಬರೆದ ಅಕ್ಷರ ಇಟ್ಟು, ಅದರ ಮೇಲೆ ಎಳೆದ ಕನ್ನಡ ಇಟ್ಟರೆ ನೋಡಿದವರಿಗೆ ಏನು ಅನಿಸುತ್ತದೆ? ಕನ್ನಡ ಬರೀ ಕಾನೂನಿಗೆ ಹೆದರಿ ಹಾಕಿದ್ದು ಅಂತ. ಈ ಕೆಲಸ ಸರಿಯಾಗಿ ಆಗಬೇಕು ಅನ್ನುವುದು ನನಗೆ ಅದಕ್ಕೇ.

ಗುಬ್ಬಿ_ಗೇಟ್:

ಯುರೋಸ್ಟೈಲ್ ನಾಸಾದವರು ಮಾಡಿಸಿದ್ದು ಅಲ್ವಾ? ಬಾಹ್ಯಾಕಾಶ ಸಿನಿಮಾದಲ್ಲೆಲ್ಲ ಅದೇ ಇರುತ್ತದಲ್ಲ.

ಏಕಶಿಲೆ_ಮಧುಗಿರಿ:

ಅಲ್ಲ ಅಣ್ಣ. ಇಟಲಿಯ ಟೂರಿನ್ ಊರಿನದು. ಅಲ್ಲಿ ನೆಬಿಯೋಲೋ ಅಂತ ಅಚ್ಚಿನ ಮೊಳೆ ಎರಕ ಹೊಯ್ಯುವ ಕಾರ್ಖಾನೆ ಇತ್ತು. 1952ರಲ್ಲಿ ಅಲೆಸ್ಸಾಂಡ್ರೋ ಬುಟ್ಟಿ ಮತ್ತು ಆಲ್ಡೋ ನೊವಾರೆಸೆ ಅನ್ನುವ ಇಬ್ಬರು ಮೈಕ್ರೋಗ್ರಾಮ ಅನ್ನುವ ಅಕ್ಷರ ಮಾಡಿದರು. ಅದರಲ್ಲಿ ಬರೀ ದೊಡ್ಡಕ್ಷರ ಮತ್ತು ಅಂಕಿ. ಶೀರ್ಷಿಕೆಗೆ, ಲೆಟರ್‌ಹೆಡ್‌ಗೆ ಆಗುತ್ತಿತ್ತು. ಸಣ್ಣಕ್ಷರ ಇಲ್ಲದ ಕಾರಣ ಪೂರ್ತಿ ಸಾಲು ಬರೆಯಲು ಆಗುತ್ತಿರಲಿಲ್ಲ. ಹತ್ತು ವರ್ಷ ಬಿಟ್ಟು, 1962ರಲ್ಲಿ, ನೊವಾರೆಸೆ ಅದನ್ನೇ ಬೆಳೆಸಿ ಸಣ್ಣಕ್ಷರ ಸೇರಿಸಿ ಯುರೋಸ್ಟೈಲ್ ಮಾಡಿದರು. ನಾಸಾ ಶುರುವಾಗಿದ್ದೇ 1958ರಲ್ಲಿ. ಅಂದರೆ ಮೈಕ್ರೋಗ್ರಾಮ ನಾಸಾಗಿಂತ ಹಳೆಯದು.

ಸಿನಿಮಾದವರು ಆಮೇಲೆ ಹಿಡಿದುಕೊಂಡರು. ರಾಕೆಟ್ಟಿನ ಒಳಗಿನ ಬಟನ್ನು, ಪರದೆ ಎಲ್ಲದಕ್ಕೂ ಇದನ್ನೇ ಹಾಕಿದರು. ಹಾಗಾಗಿ ಈ ಅಕ್ಷರ ನೋಡಿದರೆ ‘ಮುಂದಿನ ಕಾಲ’ ಅನ್ನುವ ಭಾವನೆ ಬರುವುದು ನಮಗೆ ಅಭ್ಯಾಸವಾಗಿ ಹೋಗಿದೆ.

ಎಚ್‌ಎಂಟಿ_ಕಾಲೋನಿ:

ಆ ಕಾಲವೇ ಹಾಗಿತ್ತು. ಪಿಕ್ಚರ್ ಟ್ಯೂಬ್ ಇರುವ ಟಿವಿ ನೆನಪಿಸಿಕೊಳ್ಳಿ. ಪರದೆ ಚೌಕ, ಆದರೆ ಮೂಲೆ ಗುಂಡು, ಪಕ್ಕಗಳೂ ಸ್ವಲ್ಪ ಉಬ್ಬಿರುತ್ತಿದ್ದವು. ಯುರೋಸ್ಟೈಲ್‌ನ ಓ ಅಕ್ಷರ ನೋಡಿದರೆ ಅದೇ ಆಕಾರ. ಕಾರಿನ ಡ್ಯಾಶ್‌ಬೋರ್ಡು, ರೇಡಿಯೋ, ಗಡಿಯಾರ ಎಲ್ಲದರಲ್ಲೂ ಆ ಆಕಾರ ಬಂದಿತ್ತು. ನಮ್ಮಪ್ಪ ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಇದ್ದರು. ಮನೆಯಲ್ಲಿ ಈಗಲೂ ಮೂಲೆ ಗುಂಡಗಿರುವ ಚೌಕದ ವಾಚ್ ಇದೆ. ಕೀ ಕೊಟ್ಟರೆ ಓಡುತ್ತದೆ. 2016ರಲ್ಲಿ ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನ ಬಂತು, ಆಮೇಲೆ ಆ ಜಾಗ ಇಸ್ರೋಗೆ ಹೋಯಿತು.

ಕೊಬ್ಬರಿ_ತಿಪಟೂರು:

ಎಚ್‌ಎಂಟಿ ಅಣ್ಣ, ಆ ವಾಚ್ ಫೋಟೋ ಹಾಕಿ ಪ್ಲೀಸ್.

ಅಕ್ಷರಪ್ರೀತಿ_ಕೋಲಾರ:

ವಿಷಯಕ್ಕೆ ಬರೋಣ. ನನ್ನ ಪ್ರಶ್ನೆ ಬೇರೆ. ಕನ್ನಡಕ್ಕೆ ಈ ಚೌಕದ ವೇಷ ಯಾಕೆ ಬೇಕು? ನಮ್ಮ ಲಿಪಿಯ ಚೆಂದ ಇರುವುದೇ ಗುಂಡಗಿರುವುದರಲ್ಲಿ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಬರೆಯುವಾಗ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ ಅಂತಲೇ ಅಕ್ಷರಗಳು ಗುಂಡಗಾದವು. ಇಟಲಿಯವರಿಗೆ ಚೌಕ ಸರಿ. ಅವರ ದೊಡ್ಡಕ್ಷರಗಳಲ್ಲಿ ಮೊದಲಿಂದ ನೇರ ಗೆರೆ ಇದೆ. ನಮಗೆ ಯಾಕೆ ಈ ಬಲವಂತ? ಗಿರಾಕಿಗೆ ಹೇಳಿ, ಕನ್ನಡ ಕನ್ನಡದ ಹಾಗೇ ಇರಲಿ ಅಂತ.

ಶಾಸನಪ್ರಿಯ_ಮುಳಬಾಗಿಲು:

ಅಕ್ಷರಪ್ರೀತಿಯವರೇ, ತಾಳೆಗರಿಯ ಮಾತನ್ನು ಎಲ್ಲರೂ ಹೇಳುತ್ತಾರೆ, ಆದರೆ ಪೂರ್ತಿ ಒಪ್ಪಲು ಆಗುವುದಿಲ್ಲ. ನಂದಿನಾಗರಿ ಅನ್ನುವ ಹಳೆ ಲಿಪಿಯಲ್ಲಿ ಬರೆದ ತಾಳೆಗರಿಗಳು ನಮ್ಮ ಕಡೆಯೇ ಎಷ್ಟೋ ಇವೆ. ಅದರಲ್ಲಿ ಅಕ್ಷರದ ತಲೆಯ ಮೇಲೆ ನೇರ ಗೆರೆ ಇದೆ. ಗರಿ ಸೀಳಿಲ್ಲ. ಗರಿ, ಕಂಟ ಎರಡೂ ಪ್ರಭಾವ ಬೀರಿರಬಹುದು, ಅದೊಂದೇ ಕಾರಣ ಅನ್ನಬೇಡಿ.

ಇನ್ನೊಂದು ವಿಷಯ. ಚೌಕ ನಮಗೆ ಹೊರಗಿನದಲ್ಲ. ತಾಳಗುಂದದಲ್ಲಿ ಕದಂಬರ ಕಾಲದ ಕಂಬದ ಶಾಸನ ಇದೆ. ಅದರ ಅಕ್ಷರಗಳ ತಲೆಯಲ್ಲಿ ಪುಟ್ಟ ಪುಟ್ಟ ಚೌಕಗಳಿವೆ. ಆ ಬ್ರಾಹ್ಮಿಯ ವಂಶದಲ್ಲೇ ನಮ್ಮ ಲಿಪಿ ಬೆಳೆದಿದ್ದು. ಕಲ್ಲು, ಉಳಿ ಇದ್ದಾಗ ಒಂದು ರೂಪ. ಗರಿ, ಕಂಟ ಬಂದಾಗ ಇನ್ನೊಂದು ರೂಪ. ಅಚ್ಚಿನ ಮೊಳೆ ಬಂದಾಗ ಮತ್ತೊಂದು. ಈಗ ಕೈಯಲ್ಲಿ ಇರುವುದು ಅಕ್ರಿಲಿಕ್ಕು ಮತ್ತು ಎಲ್‌ಇಡಿ.

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಅನ್ನುವ ಶಾಸನಗಳ ಸಂಗ್ರಹದಲ್ಲಿ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದು, 12ನೇದು ತುಮಕೂರಿನದು. 1904, 1905ರಲ್ಲಿ ಬಂದವು. ಬೋರ್ಡ್ ಕೆಲಸದವರು ಸುಮ್ನೆ ಅದನ್ನು ಇಟ್ಟುಕೊಂಡು ನಿಮ್ಮ ಸುತ್ತ ಯಾವ ಹಳ್ಳಿಯಲ್ಲಿ ಶಾಸನ ಇದೆ ನೋಡಿ, ಹೋಗಿ ಅಕ್ಷರ ನೋಡಿ ಬನ್ನಿ. ಒಂದೇ ಕನ್ನಡ ಎಷ್ಟು ಥರ ಬರೆದಿದ್ದಾರೆ ಅಂತ ಕಾಣುತ್ತದೆ.

ಅಕ್ಷರಪ್ರೀತಿ_ಕೋಲಾರ:

ನಂದಿನಾಗರಿ ವಿಷಯ ಸರಿ, ಒಪ್ಪುತ್ತೇನೆ. ಆದರೂ ಕಲ್ಲಿನ ಅಕ್ಷರ ಓದುತ್ತಿದ್ದವರು ನಿಂತು ಓದುತ್ತಿದ್ದರು. ಬೋರ್ಡ್ ಓದುವವರು ಬಸ್ಸಲ್ಲಿ ಕೂತಿರುತ್ತಾರೆ. ಓದಲು ಆಗದ ಚೆಂದ ನನಗೆ ಬೇಡ.

ಸಿಎನ್‌ಸಿ_ವಸಂತನರಸಾಪುರ:

ಬಸ್ಸಿನ ಮಾತು ಬಂತಲ್ಲ, ಅಗಲ ಅಕ್ಷರಕ್ಕೆ ಅಲ್ಲೇ ಒಂದು ಒಳ್ಳೆ ಕಾರಣ ಇದೆ. ಬೋರ್ಡ್ ರಸ್ತೆಗೆ ಸಮಾನಾಂತರವಾಗಿ ಇರುತ್ತದೆ. ಬಸ್ಸಲ್ಲಿ, ಬೈಕಲ್ಲಿ ಬರುವವರು ಅದನ್ನು ನೇರ ಎದುರಿಂದ ನೋಡುವುದೇ ಇಲ್ಲ, ಓರೆಯಾಗಿ ನೋಡುತ್ತಾರೆ. ಓರೆಯಿಂದ ನೋಡಿದಾಗ ಅಕ್ಷರದ ಎತ್ತರ ಅಷ್ಟೇ ಇರುತ್ತದೆ, ಅಗಲ ಕುಗ್ಗುತ್ತದೆ. 60 ಡಿಗ್ರಿ ಓರೆಯಲ್ಲಿ ಅಗಲ ಅರ್ಧಕ್ಕೆ ಇಳಿಯುತ್ತದೆ. ಕಿರಿದಾದ ಅಕ್ಷರ ಆಗ ಕಡ್ಡಿ ಸಾಲಿಟ್ಟ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅಗಲವಾಗಿ ಬರೆದ ಅಕ್ಷರ ಮಾಮೂಲಿ ಅಕ್ಷರದಷ್ಟಾಗಿ ನಿಲ್ಲುತ್ತದೆ. ಹೆದ್ದಾರಿ ಪಕ್ಕದ ಕಾರ್ಖಾನೆಗೆ ಇದು ಬಹಳ ಮುಖ್ಯ.

ಇನ್ನು ಮೂಲೆ ವಿಷಯ. ನಾವು ರೌಟರ್ ಅನ್ನುವ ಕತ್ತರಿಸುವ ಮಷಿನ್‌ನಲ್ಲಿ ಅಕ್ಷರ ಕತ್ತರಿಸುತ್ತೇವೆ. 3 ಮಿ.ಮೀ. ದಪ್ಪದ ಬಿಟ್ (ತಿರುಗುವ ಕತ್ತಿ) ಹಾಕಿದರೆ ಒಳಮೂಲೆ 1.5 ಮಿ.ಮೀ.ಗಿಂತ ಚೂಪು ಬರುವುದೇ ಇಲ್ಲ. ಹಾಗಾಗಿ ಗುಂಡು ಮೂಲೆ ನಮ್ಮ ಮಷಿನ್‌ಗೆ ಬಹಳ ಅನುಕೂಲ.

ಆದರೆ ಚೌಕ ಬರೆದು ನಾಲ್ಕು ಮೂಲೆಗೆ ಕಾಲು ವೃತ್ತ ಇಟ್ಟರೆ ಯುರೋಸ್ಟೈಲ್ ಆಗುವುದಿಲ್ಲ. ಇದು ಎಲ್ಲರೂ ಮಾಡುವ ಕೆಲಸ. ನೇರ ಗೆರೆ ಮುಗಿದು ವೃತ್ತ ಶುರುವಾಗುವ ಜಾಗದಲ್ಲಿ ಬಾಗು ತಟ್ಟನೆ ಬದಲಾಗುತ್ತದೆ. ಗೆರೆ ಕೂಡಿರುತ್ತದೆ, ಆದರೂ ಕಣ್ಣಿಗೆ ಅಲ್ಲೊಂದು ಗಂಟು ಕಾಣುತ್ತದೆ. ಕಾರಿನ ಬಾಡಿ ಡಿಸೈನ್ ಮಾಡುವವರು ಈ ಗಂಟನ್ನು ತೆಗೆಯಲು ಎಷ್ಟು ಒದ್ದಾಡುತ್ತಾರೆ ಕೇಳಿ ನೋಡಿ. ಯುರೋಸ್ಟೈಲ್ ಥರದ ಅಕ್ಷರದಲ್ಲಿ ಪಕ್ಕದ ಗೆರೆಯೇ ಸ್ವಲ್ಪ ಉಬ್ಬಿರುತ್ತದೆ, ಬಾಗು ನಿಧಾನಕ್ಕೆ ಏರಿ ಮೂಲೆಯಲ್ಲಿ ಜಾಸ್ತಿಯಾಗಿ ಮತ್ತೆ ಇಳಿಯುತ್ತದೆ. ಗಣಿತದಲ್ಲಿ ಈ ಆಕಾರಕ್ಕೆ ಸೂಪರ್ ಎಲಿಪ್ಸ್ ಅಂತಾರೆ. ಎಲಿಪ್ಸ್, ಅಂದರೆ ದೀರ್ಘವೃತ್ತದ ಸಮೀಕರಣದಲ್ಲಿ ಘಾತ 2 ಇರುತ್ತದಲ್ಲ, ಅದನ್ನು ಏರಿಸುತ್ತಾ ಹೋದರೆ ಆಕಾರ ಚೌಕದ ಕಡೆ ಹೋಗುತ್ತದೆ. ಫ್ರಾನ್ಸಿನ ಲಾಮೆ ಅನ್ನುವ ಗಣಿತಜ್ಞನ ಹೆಸರಲ್ಲಿದೆ. ಡೆನ್ಮಾರ್ಕಿನ ಪೀಟ್ ಹೈನ್ ಇದರ ಘಾತವನ್ನು 2.5 ಇಟ್ಟು ಸ್ಟಾಕ್‌ಹೋಮ್‌ನ ಒಂದು ದೊಡ್ಡ ಸರ್ಕಲ್ಲಿಗೆ ಆಕಾರ ಕೊಟ್ಟರು.

ಚಿಂತಾಮಣಿ_ಡಿಟಿಪಿ:

ಬೋರ್ಡ್‌ಗೆ ಇಷ್ಟೆಲ್ಲಾ ಗಣಿತ ಬೇಕಾ ಸಾರ್? ಗಿರಾಕಿ ಅಡಿಗೆ ಎಷ್ಟು ಅಂತ ಕೇಳುತ್ತಾನೆ.

ಸಿಎನ್‌ಸಿ_ವಸಂತನರಸಾಪುರ:

ಬೇಕು ಸಾರ್. ಎರಡು ಅಡಿ ಎತ್ತರದ ಅಕ್ಷರದಲ್ಲಿ ಆ ಗಂಟು ದೂರದಿಂದಲೂ ಕಾಣುತ್ತದೆ. ಒಮ್ಮೆ ಹಾಕಿದ ಬೋರ್ಡ್ ಎಷ್ಟೋ ವರ್ಷ ಅಲ್ಲೇ ಇರುತ್ತದೆ.

ಪೇಂಟರ್_ಶಿರಾ:

ನಾನು ಕೈಯಲ್ಲಿ ಬರೆದ ಕಾಲದವನು. ಈಗ ಕಣ್ಣು ಮೊದಲಿನಷ್ಟು ಇಲ್ಲ, ಆದರೂ ದೇವಸ್ಥಾನದ ಬೋರ್ಡ್, ಲಾರಿ ಹಿಂದೆ ಬರೆಯುವುದು ಇದ್ದರೆ ಬರೆಯುತ್ತೇನೆ. ನೀವು ಕೇಳುತ್ತಿರುವ ಅಕ್ಷರ ನಾವು ಬರೆಯುತ್ತಿದ್ದೆವು. ಎಲೆಕ್ಟ್ರಿಕಲ್ ಅಂಗಡಿ, ಮೋಟಾರ್ ರಿವೈಂಡಿಂಗ್, ರೇಡಿಯೋ ರಿಪೇರಿ, ಇಂಥ ಕಡೆ ಚೌಕ ಅಕ್ಷರವೇ ಬೇಕು ಅನ್ನುತ್ತಿದ್ದರು. ಹೂವಿನ ಅಂಗಡಿ, ಹೋಟೆಲ್‌ಗೆ ಗುಂಡು ಅಕ್ಷರ. ದಾರಕ್ಕೆ ಸೀಮೆಸುಣ್ಣ ಸವರಿ ಮೇಲೆ ಒಂದು, ಕೆಳಗೆ ಒಂದು ಗೆರೆ ಹೊಡೆಯುತ್ತಿದ್ದೆವು. ಒತ್ತಕ್ಷರಕ್ಕೆ ಇನ್ನೊಂದು ಗೆರೆ. ಚಪ್ಪಟೆ ಬ್ರಷ್ ಹಿಡಿದು ನಿಂತ ಗೆರೆ ಮೊದಲು, ಆಮೇಲೆ ಮಲಗಿದ್ದು, ಕೊನೆಗೆ ಮೂಲೆ ತಿರುಗಿಸುವುದು. ಮೂಲೆ ತಿರುಗಿಸುವುದರಲ್ಲೇ ಪೇಂಟರ್ ಕೈ ಗೊತ್ತಾಗುತ್ತಿತ್ತು.

ಒಂದು ಮಾತು ನೆನಪಿಡಿ ಮಗ. ಎಲ್ಲಾ ಅಕ್ಷರವನ್ನೂ ಒಂದೇ ಅಗಲಕ್ಕೆ ತರಬೇಡ. ರ, ಗ, ದ ಇವು ಒಂದು ಮನೆಯಲ್ಲಿ ನಿಲ್ಲುತ್ತವೆ. ಲ, ಬ, ಮ, ಯ ಇವಕ್ಕೆ ಜಾಗ ಜಾಸ್ತಿ ಬೇಕು. ಒಂದೇ ಡಬ್ಬಿಯಲ್ಲಿ ಎಲ್ಲವನ್ನೂ ತುರುಕಿದರೆ ಯ ಉಸಿರು ಕಟ್ಟುತ್ತದೆ, ರ ಖಾಲಿ ಕಾಣುತ್ತದೆ.

ಬೋರ್ಡ್‌ಮನೆ_ತುಮಕೂರು:

ಅಣ್ಣಾ, ಇಂಥ ಮಾತಿಗೇ ಕಾಯುತ್ತಿದ್ದೆ. ನೀವು ಬರೆದ ಹಳೆ ಬೋರ್ಡ್ ಯಾವುದಾದರೂ ಶಿರಾದಲ್ಲಿ ಉಳಿದಿದ್ದರೆ ಹೇಳಿ, ಬಂದು ಫೋಟೋ ತೆಗೆದುಕೊಳ್ಳುತ್ತೇನೆ.

ಪೇಂಟರ್_ಶಿರಾ:

ಬಸ್ ಸ್ಟ್ಯಾಂಡ್ ಹತ್ತಿರ ಒಂದು ಇತ್ತು. ಅದರ ಮೇಲೆ ಫ್ಲೆಕ್ಸ್ ಹೊಡೆದಿದ್ದಾರೆ. ಒಳಗೆ ಇರಬಹುದು. ಬನ್ನಿ, ನೋಡೋಣ.

ಟೊಮೆಟೊ_ವಡ್ಡಹಳ್ಳಿ:

ನಮ್ಮ ಕಡೆ ಕ್ರೇಟ್ ಮೇಲೆ ಮಂಡಿ ಹೆಸರು ಹೊಡೆಯಲು ಸ್ಟೆನ್ಸಿಲ್ ಮಾಡಿಸುತ್ತಾರೆ. ಕನ್ನಡದಲ್ಲಿ ಮಾಡಿಸಿದರೆ ರ, ಠ, ಸೊನ್ನೆ ಇವುಗಳ ಒಳಭಾಗ ಕತ್ತರಿಸಿದ ತಕ್ಷಣ ಬಿದ್ದುಹೋಗುತ್ತದೆ. ಒಳಭಾಗ ನಿಲ್ಲಬೇಕಂದರೆ ಮಧ್ಯೆ ಒಂದು ಸೇತುವೆ ಬಿಡಬೇಕು. ಅದನ್ನು ತಪ್ಪು ಜಾಗದಲ್ಲಿ ಬಿಟ್ಟರೆ ಅಕ್ಷರವೇ ಬದಲಾಗುತ್ತದೆ. ದ ಕೆಳಗೆ ಸೇತುವೆ ಬಿಟ್ಟು ಧ ಆಗಿದ್ದನ್ನು ನಾನೇ ನೋಡಿದ್ದೇನೆ. ಬೋರ್ಡ್‌ಗೆ ಸಂಬಂಧ ಇಲ್ಲ ಅನಿಸಬಹುದು, ಆದರೂ ಹೇಳಿದೆ.

ಏಕಶಿಲೆ_ಮಧುಗಿರಿ:

ಸಂಬಂಧ ಇದೆ, ಚೆನ್ನಾಗೇ ಇದೆ! ಅಗಲ ಚೌಕದ ಅಕ್ಷರದಲ್ಲಿ ಇರುವ ದೊಡ್ಡ ಅಪಾಯ ಅದೇ. ಎಲ್ಲವನ್ನೂ ಒಂದೇ ಚೌಕಕ್ಕೆ ಹೊಂದಿಸಿದಾಗ ಅಕ್ಷರಗಳ ನಡುವಿನ ಸಣ್ಣ ವ್ಯತ್ಯಾಸ ಅಳಿಸಿಹೋಗುತ್ತದೆ. ಇಂಗ್ಲಿಷ್‌ನಲ್ಲೇ ಈ ಕಷ್ಟ ಇದೆ. ಇಂಥ ಫಾಂಟ್‌ಗಳಲ್ಲಿ ಓ ಮತ್ತು ಸೊನ್ನೆ, 8 ಮತ್ತು ಬಿ, 5 ಮತ್ತು ಎಸ್ ಹತ್ತಿರ ಹತ್ತಿರ ಬರುತ್ತವೆ. ಕನ್ನಡದಲ್ಲಿ ಇನ್ನೂ ಜಾಸ್ತಿ.

ಈಗ ‘ಪ್ರಿಸಿಷನ್’ ತೆಗೆದುಕೊಳ್ಳಿ. ಪ ಮತ್ತು ವ ನಡುವೆ ಇರುವ ವ್ಯತ್ಯಾಸ ಮೇಲಿನ ಬಾಯಿ ತೆರೆದಿದೆಯೋ ಮುಚ್ಚಿದೆಯೋ ಅನ್ನುವುದಷ್ಟೇ. ಚೌಕ ಮಾಡುವ ಭರದಲ್ಲಿ ಆ ಬಾಯಿ ಕಿರಿದಾದರೆ ದೂರಕ್ಕೆ ‘ವ್ರಿಸಿಷನ್’ ಆಗುತ್ತದೆ. ಷ ಅಂದರೆ ಪ ಒಳಗೆ ಒಂದು ಗೆರೆ. ಆ ಗೆರೆಯ ಎರಡೂ ಪಕ್ಕ ಜಾಗ ಉಳಿಯದಿದ್ದರೆ ಅಲ್ಲಿ ಒಂದು ಮುದ್ದೆ ಕಾಣುತ್ತದೆ. ಫ, ಧ, ಭ ಇವುಗಳ ಹೊಟ್ಟೆ ಸೀಳು ನಿಮ್ಮ ಹೆಸರಲ್ಲಿ ಇಲ್ಲ, ಪುಣ್ಯ.

ಸೊನ್ನೆ ವಿಷಯದಲ್ಲೂ ಹುಷಾರು. ‘ಅಂಡ್’ ಅಂತ ಬರೆಯುವವರು ಸೊನ್ನೆಯನ್ನೂ ಮೂಲೆ ಗುಂಡಗಿರುವ ಚೌಕ ಮಾಡಿಬಿಡುತ್ತಾರೆ. ಆಗ ಅದು ಫಾಂಟ್ ಇಲ್ಲದಾಗ ಮೊಬೈಲ್‌ನಲ್ಲಿ ಬರುವ ಖಾಲಿ ಡಬ್ಬಿ ಹಾಗೇ ಕಾಣುತ್ತದೆ. ಸೊನ್ನೆಯನ್ನು ಸ್ವಲ್ಪ ಗುಂಡಗೇ ಬಿಡಿ.

ಬಾಗೇಪಲ್ಲಿ_ಬಸ್:

ನಮ್ಮ ಕಡೆ ತೆಲುಗು ಬೋರ್ಡೂ ಮಾಡುತ್ತೇವೆ. ಗೂಗಲ್ ಫಾಂಟ್ಸ್‌ನಲ್ಲಿ ತೆಲುಗಿಗೆ ಕನ್ನಡಕ್ಕಿಂತ ಜಾಸ್ತಿ ಫಾಂಟ್ ಇವೆ. ಅದರಲ್ಲಿ ಒಂದನ್ನು ತೆಗೆದುಕೊಂಡು ತಲೆ ಬದಲಾಯಿಸಿದರೆ ಆಗಲ್ವಾ? ಎರಡೂ ಲಿಪಿ ಅಕ್ಕ ತಂಗಿ.

ಅಕ್ಷರಪ್ರೀತಿ_ಕೋಲಾರ:

ಬೇಡ ದಯವಿಟ್ಟು. ತೆಲುಗಿನ ತಲಕಟ್ಟು ಟಿಕ್ ಮಾರ್ಕ್ ಹಾಗೆ ಮೇಲಕ್ಕೆ ಹೋಗುತ್ತದೆ. ಕನ್ನಡದ್ದು ಅಡ್ಡ ಹೋಗಿ ಬಾಗುತ್ತದೆ. ಅದೊಂದೇ ಅಲ್ಲ, ಒಳಗಿನ ಬಾಗುಗಳೂ ಬೇರೆ. ತಲೆ ಬದಲಾಯಿಸಿ ಅಂಟಿಸಿದ್ದು ನಮ್ಮ ಊರಲ್ಲೂ ಒಂದೆರಡು ಕಡೆ ಇದೆ. ಎರಡೂ ಭಾಷೆ ಓದುವ ನಮ್ಮಂಥವರಿಗೆ ತಕ್ಷಣ ಗೊತ್ತಾಗುತ್ತದೆ.

ಮತ್ತೆ ಒಂದು ಒಳ್ಳೆ ವಿಷಯ ಇಲ್ಲಿದೆ, ಗಮನಿಸಿ. ಕನ್ನಡದ ತಲಕಟ್ಟು ಮಲಗಿದ ಗೆರೆ. ಅಗಲ ಅಕ್ಷರಕ್ಕೆ ಬೇಕಾಗಿರುವುದೂ ಅಂಥ ಉದ್ದನೆಯ ಮಲಗಿದ ಗೆರೆಯೇ. ನಾನು ಚೌಕ ಬೇಡ ಅಂದವಳು. ಆದರೆ ತಲಕಟ್ಟನ್ನು ನೇರವಾಗಿ, ದಪ್ಪವಾಗಿ, ಸಾಲಿನ ಉದ್ದಕ್ಕೂ ಒಂದೇ ಎತ್ತರದಲ್ಲಿ ಇಟ್ಟರೆ ಯುರೋಸ್ಟೈಲ್‌ನ ಗತ್ತು ಅಲ್ಲಿಂದಲೇ ಬರುತ್ತದೆ ಅನಿಸುತ್ತಿದೆ. ಹೊಟ್ಟೆಯ ಭಾಗ ಪೂರ್ತಿ ಚೌಕ ಆಗಬೇಕಿಲ್ಲ.

ಏಕಶಿಲೆ_ಮಧುಗಿರಿ:

ಇದು ಸರಿಯಾದ ಮಾತು. ಮೇಡಂ, ನೀವು ಚೌಕದ ವಿರೋಧಿ ಆಗಿದ್ದುಕೊಂಡೇ ಎಲ್ಲರಿಗಿಂತ ಒಳ್ಳೆಯ ದಾರಿ ಹೇಳಿದಿರಿ.

ನಂಬರ್‌ಪ್ಲೇಟ್_ಗೌರಿಬಿದನೂರು:

ಇದೇ ಫಾಂಟಲ್ಲಿ ಬೈಕ್ ನಂಬರ್ ಪ್ಲೇಟ್ ಮಾಡಿಸಬಹುದಾ? ರೇಡಿಯಂನಲ್ಲಿ?

ಕೊಬ್ಬರಿ_ತಿಪಟೂರು:

ಎಚ್‌ಎಸ್‌ಆರ್‌ಪಿ ಬಂದ ಮೇಲೆ ಅದೆಲ್ಲ ಇಲ್ಲ ಗುರು. ಅಕ್ಷರ, ಅಳತೆ ಎಲ್ಲಾ ಅವರೇ ಇಟ್ಟಿದ್ದಾರೆ. ಫ್ಯಾನ್ಸಿ ಹಾಕಿದರೆ ದಂಡ.

ಚಿಂತಾಮಣಿ_ಡಿಟಿಪಿ:

ಆಯ್ತು, ಎಳೆಯುವುದು ಬೇಡ ಅಂತ ಇಟ್ಟುಕೊಳ್ಳೋಣ. ಹಾಗಾದರೆ ಏನು ಬಳಸಬೇಕು, ಅದನ್ನು ಯಾರೂ ಹೇಳಲೇ ಇಲ್ಲವಲ್ಲ? ಎಲ್ಲಾ ಇತಿಹಾಸ ಹೇಳುತ್ತಿದ್ದೀರಿ.

ಏಕಶಿಲೆ_ಮಧುಗಿರಿ:

ಹೇಳುತ್ತೇನೆ. ಯುರೋಸ್ಟೈಲ್‌ನ ಸರಿಯಾದ ಕನ್ನಡ ಜೋಡಿ ಅಂತ ನಾನು ಒಂದೂ ನೋಡಿಲ್ಲ. ಹತ್ತಿರದ್ದು ಅಂದರೆ ಅನೇಕ್ ಕನ್ನಡ. ಮುಂಬೈನ ಏಕ್ ಟೈಪ್‌ನವರದು, ಉಚಿತ, ಮುಕ್ತ ಲೈಸೆನ್ಸ್. ಇದು ವೇರಿಯಬಲ್ ಫಾಂಟ್. ಅಗಲವನ್ನು 75ರಿಂದ 125ರವರೆಗೆ, ದಪ್ಪವನ್ನು 100ರಿಂದ 800ರವರೆಗೆ ಬದಲಾಯಿಸಬಹುದು. ಇದು ಎಳೆಯುವುದಲ್ಲ. ಅಗಲ 125ಕ್ಕೆ ಇಟ್ಟಾಗಲೂ ಗೆರೆಯ ದಪ್ಪ ಸರಿಯಾಗಿರುತ್ತದೆ, ಯಾಕಂದರೆ ಆ ತುದಿಯ ಅಕ್ಷರಗಳನ್ನೂ ಅವರು ಬರೆದೇ ಇಟ್ಟಿದ್ದಾರೆ. ಅಗಲ ಮಾಡಿದಾಗ ಬಾಗುಗಳು ಸ್ವಲ್ಪ ಚೌಕದ ಕಡೆ ವಾಲಿದ ಹಾಗೆ ನನ್ನ ಕಣ್ಣಿಗೆ ಕಾಣುತ್ತವೆ. 125, 800 ಇಟ್ಟು ಹೆಸರು ಟೈಪ್ ಮಾಡಿ, ಅದನ್ನು ತಳಪಾಯ ಅಂದುಕೊಂಡು ಮೂಲೆಗಳನ್ನು ತಿದ್ದಿ. ಬೋರ್ಡ್‌ಗೆ ಪೂರ್ತಿ ವರ್ಣಮಾಲೆ ಬೇಕಿಲ್ಲ, ಹೆಸರಲ್ಲಿ ಇರುವ ಅಕ್ಷರ ಬರೆದರೆ ಸಾಕು.

ಇಂಗ್ಲಿಷ್ ಕಡೆಗೂ ಒಂದು ಮಾತು. ಯುರೋಸ್ಟೈಲ್ ದುಡ್ಡು ಕೊಟ್ಟು ಕೊಳ್ಳುವ ಫಾಂಟ್. ಗಿರಾಕಿ ಹತ್ತಿರ ಲೈಸೆನ್ಸ್ ಇಲ್ಲದಿದ್ದರೆ ಗೂಗಲ್ ಫಾಂಟ್ಸ್‌ನಲ್ಲಿ ಮಿಕ್ರೋಮ ಅಂತ ಉಚಿತ ಫಾಂಟ್ ಇದೆ. ಹಳೆ ಮೈಕ್ರೋಗ್ರಾಮದ ದಾರಿಯಲ್ಲೇ ಇದೆ, ಆದರೆ ಒಂದೇ ದಪ್ಪ ಬರುತ್ತದೆ. ಆರ್ಬಿಟ್ರಾನ್ ಕೂಡ ಉಚಿತ, ಅದು ಇನ್ನೂ ಚೌಕ, ಕಾರ್ಖಾನೆಗಿಂತ ಆಟದ ಆ್ಯಪ್‌ಗೆ ಸರಿ.

ಕೊಬ್ಬರಿ_ತಿಪಟೂರು:

ಬ್ಯಾಂಕ್ ಗೋಥಿಕ್ ಕೂಡ ಇದೇ ಜಾತಿ ಅಲ್ವಾ?

ಏಕಶಿಲೆ_ಮಧುಗಿರಿ:

ಹೌದು. 1930ರದು, ಅಮೆರಿಕದ ಮಾರಿಸ್ ಫುಲ್ಲರ್ ಬೆಂಟನ್ ಮಾಡಿದ್ದು. ಮೈಕ್ರೋಗ್ರಾಮಕ್ಕಿಂತ ಹಳೆಯದು. ಅದರಲ್ಲೂ ದೊಡ್ಡಕ್ಷರ ಮಾತ್ರ.

ಚಿಂತಾಮಣಿ_ಡಿಟಿಪಿ:

ಅನೇಕ್ ಡೌನ್‌ಲೋಡ್ ಮಾಡಿದೆ. ನಮ್ಮ ಕೋರಲ್ ಹಳೆಯದು, ‘ಪ್ರಿ’ ಟೈಪ್ ಮಾಡಿದರೆ ಒತ್ತು ಬೇರೆ, ಅಕ್ಷರ ಬೇರೆ ಬಿದ್ದಿದೆ. ಇದಕ್ಕೇ ನಾವು ನುಡಿ ಬಿಟ್ಟು ಆಚೆ ಹೋಗುವುದಿಲ್ಲ.

ಬೋರ್ಡ್‌ಮನೆ_ತುಮಕೂರು:

ಅದಕ್ಕೆ ದಾರಿ ಇದೆ, ನಮ್ಮಲ್ಲಿ ಹಾಗೇ ಮಾಡುತ್ತೇವೆ. ಇಂಕ್‌ಸ್ಕೇಪ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಯುನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಅಲ್ಲಿ ಟೈಪ್ ಮಾಡಿ, ಅಕ್ಷರವನ್ನು ಪಾತ್ (ಫಾಂಟ್ ಬೇಡದ ಬರೀ ಗೆರೆಯ ಆಕಾರ) ಮಾಡಿ, ಪಿಡಿಎಫ್ ಅಥವಾ ಎಸ್‌ವಿಜಿ ಮಾಡಿಕೊಂಡು ಕೋರಲ್‌ಗೆ ತನ್ನಿ. ಹಳೆ ನುಡಿಯಲ್ಲಿ ಇಂಗ್ಲಿಷ್ ಕೀಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟಿದ್ದರು, ಹಾಗಾಗಿ ಯಾವ ಸಾಫ್ಟ್‌ವೇರ್‌ನಲ್ಲಾದರೂ ಓಡುತ್ತಿತ್ತು. ಯುನಿಕೋಡ್‌ನಲ್ಲಿ ಒತ್ತು ಎಲ್ಲಿ ಕೂರಬೇಕು ಅನ್ನುವುದನ್ನು ಸಾಫ್ಟ್‌ವೇರ್ ಲೆಕ್ಕ ಹಾಕಬೇಕು. ಹಳೆ ಕೋರಲ್‌ಗೆ ಆ ಲೆಕ್ಕ ಬರುವುದಿಲ್ಲ ಅಷ್ಟೇ.

ಚಿಂತಾಮಣಿ_ಡಿಟಿಪಿ:

ಬಂತು! ಥ್ಯಾಂಕ್ಸ್ ಸಾರ್. ಪಕ್ಕಪಕ್ಕ ಇಟ್ಟು ನೋಡಿದೆ. ಎಳೆದಿದ್ದು ನಿಜವಾಗಲೂ ಚೆನ್ನಾಗಿಲ್ಲ. ಆದರೆ ಈಗ ಮಾಡುವ ಬೆಲೆಗೆ ಮೂಲೆ ತಿದ್ದುತ್ತಾ ಕೂರಲು ಆಗಲ್ಲ, ಅದನ್ನು ಮಾತ್ರ ಒಪ್ಪಿಕೊಳ್ಳಿ.

ಬೋರ್ಡ್‌ಮನೆ_ತುಮಕೂರು:

ಒಪ್ಪಿದೆ. ಅದಕ್ಕೇ ನಾನು ಅಕ್ಷರ ಬರೆಯುವ ಕೂಲಿಯನ್ನು ಬೇರೆಯಾಗಿಯೇ ಬಿಲ್‌ನಲ್ಲಿ ಹಾಕುತ್ತೇನೆ. ಲೋಗೋಗೆ ದುಡ್ಡು ಕೊಡುವವರು ಹೆಸರಿಗೂ ಕೊಡುತ್ತಾರೆ, ಯಾಕೆ ಅಂತ ಬಿಡಿಸಿ ಹೇಳಬೇಕು.

ಅಂದಹಾಗೆ ಎಲ್ಲರ ಮಾತು ಕೇಳಿ ಒಂದು ಸ್ಕೆಚ್ ಮಾಡಿದೆ. ಅನೇಕ್ 125 ತಳಪಾಯ. ತಲಕಟ್ಟು ಪೂರ್ತಿ ನೇರ, ಇಂಗ್ಲಿಷ್‌ನ ಗೆರೆಯಷ್ಟೇ ದಪ್ಪ. ಹೊಟ್ಟೆಗಳು ಅರ್ಧ ಚೌಕ. ಪ ಬಾಯಿ ಚೆನ್ನಾಗಿ ತೆರೆದಿದ್ದೇನೆ. ಗಿರಾಕಿಗೆ ತೋರಿಸಿದೆ, ಖುಷಿಯಾಗಿದ್ದಾರೆ. ಇನ್ನೂ ಒಂದು ಕಷ್ಟ ಇದೆ. 4 ಅಡಿಯಲ್ಲಿ ಕನ್ನಡ ಶೇ 60 ಅಂದರೆ 2.4 ಅಡಿ ಸಿಗುತ್ತದೆ. ಆದರೆ ‘ಪ್ರಿ’ಯ ಅರ್ಕಾವತ್ತು ಅಲ್ಲ, ಕೆಳಗಿನ ರ ಒತ್ತು, ಮತ್ತೆ ‘ಲ್ಸ್’ನ ಸ ಒತ್ತು ಕೆಳಗೆ ಇಳಿಯುತ್ತವೆ. ಮೇಲೆ ಗುಡಿಸು ಬೇರೆ. ಉಳಿದ ಎತ್ತರದಲ್ಲಿ ಅಕ್ಷರದ ಮೈ ಒಂದೂಕಾಲು ಅಡಿಗೆ ಬಂತು.

ಪೇಂಟರ್_ಶಿರಾ:

ಒತ್ತನ್ನು ಅಷ್ಟು ಕೆಳಗೆ ಬಿಡಬೇಡ. ಅಕ್ಷರ ಅಗಲ ಇದೆಯಲ್ಲ, ಒತ್ತನ್ನು ಬಲಗಡೆ ಸ್ವಲ್ಪ ಹೊರಕ್ಕೆ ತಂದು ಮೇಲಕ್ಕೆ ಎತ್ತು. ಅರ್ಧ ಪಕ್ಕದಲ್ಲಿ, ಅರ್ಧ ಕೆಳಗೆ ಕೂರಲಿ. ನಾವು ಸಿನಿಮಾ ಟೆಂಟಿನ ಗೋಡೆಯಲ್ಲಿ ಹಾಗೇ ಬರೆಯುತ್ತಿದ್ದೆವು, ಗೋಡೆ ಎತ್ತರ ಕಮ್ಮಿ ಇದ್ದಾಗ.

ಸಿಎನ್‌ಸಿ_ವಸಂತನರಸಾಪುರ:

ಒತ್ತು ಸಣ್ಣದಾದರೂ ಅದರ ಗೆರೆ ದಪ್ಪ ಕಮ್ಮಿ ಮಾಡಬೇಡಿ. ಒಳಗೆ ಎಲ್‌ಇಡಿ ಮಾಡ್ಯೂಲ್ ಕೂರಬೇಕು. ಅದು ಹಿಡಿಯದಿದ್ದರೆ ಒತ್ತು ರಾತ್ರಿ ಕಪ್ಪಗೆ ಉಳಿಯುತ್ತದೆ, ‘ಪ್ರಿಸಿಷನ್’ ಹೋಗಿ ‘ಪಿಸಿಷನ್’ ಆಗುತ್ತದೆ.

ಇನ್ನೊಂದು, ಷ ಒಳಗಿನ ಗೆರೆಯ ಎರಡೂ ಪಕ್ಕ ಹಗಲಲ್ಲಿ ಕಾಣುವುದಕ್ಕಿಂತ ಜಾಸ್ತಿ ಜಾಗ ಬಿಡಿ. ರಾತ್ರಿ ಬೆಳಕು ಹರಡಿಕೊಂಡು ಕಿರಿದಾದ ಸಂದುಗಳು ಮುಚ್ಚಿಹೋಗುತ್ತವೆ. ಕತ್ತರಿಸುವ ಮೊದಲು ಷ ಒಂದನ್ನೇ ಪೂರ್ತಿ ಅಳತೆಯಲ್ಲಿ ಮಾಡಿ, ಬಲ್ಬ್ ಹಾಕಿ, ರಸ್ತೆ ಆಚೆ ಬದಿಯಿಂದ ನೋಡಿ.

ಅಕ್ಷರಪ್ರೀತಿ_ಕೋಲಾರ:

ಸ್ಕೆಚ್ ಇಲ್ಲಿ ಹಾಕಿ, ನಾವೂ ನೋಡುತ್ತೇವೆ.

ಬೋರ್ಡ್‌ಮನೆ_ತುಮಕೂರು:

ಖಂಡಿತ ಮೇಡಂ. ಒತ್ತನ್ನು ಪಕ್ಕಕ್ಕೆ ತಂದು ನೋಡಿದೆ, ಅಕ್ಷರದ ಮೈ ಒಂದೂವರೆ ಅಡಿ ದಾಟಿತು. ನಾಳೆ ಷ ಕತ್ತರಿಸಿ ಬೆಳಕು ಹಾಕಿ ನೋಡುತ್ತೇನೆ. ಗಿರಾಕಿ ಒಪ್ಪಿದರೆ ಈ ಹೆಸರಿನ ಅಕ್ಷರಗಳ ಎಸ್‌ವಿಜಿ ಇಲ್ಲೇ ಹಂಚುತ್ತೇನೆ, ಬೇರೆ ಯಾರಿಗಾದರೂ ಟ, ಲ, ಸ, ನ ಬೇಕಾದರೆ ಅಲ್ಲಿಂದ ಶುರು ಮಾಡಬಹುದು.

ಟೊಮೆಟೊ_ವಡ್ಡಹಳ್ಳಿ:

ರ ಮತ್ತು ಠ ಯಾರಾದರೂ ಬರೆದರೆ ಸ್ಟೆನ್ಸಿಲ್‌ಗೂ ಒಂದು ರೂಪ ಮಾಡಿಕೊಡಿ, ಸೇತುವೆ ಸಮೇತ. ಸೀಸನ್ ಶುರುವಾಗುವುದರ ಒಳಗೆ ಸಿಕ್ಕರೆ ಒಳ್ಳೇದು.